ಮಲಗಿದ ಪ್ರೊಸೆಸರನ್ನು ಎಬ್ಬಿಸುವವರು ಯಾರು?

(ಮಡಿಕೇರಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಧ್ವನಿಮುದ್ರಣದಿಂದ ಇಳಿಸಿಕೊಂಡು ತಿದ್ದಲಾಗಿದೆ.)

ಮೂರು ಮಳೆಗಾಲಗಳ ಹಿಂದೆ, ಜುಲೈ ತಿಂಗಳ ಒಂದು ರಾತ್ರಿ, ಭಾಗಮಂಡಲದ ಆಚೆಗಿರುವ ಕಾಫಿ ತೋಟವೊಂದರಲ್ಲಿ ನಾವು ನಿಲ್ಲಿಸಿದ್ದ ಮಳೆ ಮಾಪಕದಿಂದ ನನ್ನ ಫೋನಿಗೆ ಒಂದು ಸಂದೇಶ ಬಂತು. ಗಂಟೆಗೆ 540 ಮಿಲಿಮೀಟರ್ ತೀವ್ರತೆಯಲ್ಲಿ ಮಳೆ ಸುರಿಯುತ್ತಿದೆ ಎಂದು ಅದರಲ್ಲಿತ್ತು. ಬೇರೆ ಊರಿನಲ್ಲಾಗಿದ್ದರೆ ಯಂತ್ರ ಕೆಟ್ಟಿದೆ ಎಂದುಕೊಂಡು ಮಗ್ಗುಲು ಬದಲಿಸಿ ಮಲಗಬಹುದಿತ್ತು; 2018ರ ಆಗಸ್ಟ್ ತಿಂಗಳನ್ನು ಕಂಡ ಈ ಜಿಲ್ಲೆಯಲ್ಲಿ ಅಂಥ ಅಂಕಿಯನ್ನು ನೋಡಿ ನಗುವ ಧೈರ್ಯ ನನಗಂತೂ ಇರಲಿಲ್ಲ. ತೋಟದ ಲೆಕ್ಕಪತ್ರ ನೋಡಿಕೊಳ್ಳುವ ರೈಟರಿಗೆ ಫೋನ್ ಮಾಡಿದೆ. ಅವರು ಕೊಡೆ ಬಿಚ್ಚಿಕೊಂಡು ಅಂಗಳಕ್ಕಿಳಿದು ನೋಡಿ, ‘ಎಂಥದ್ದೂ ಇಲ್ಲ ಸಾರ್, ಮಾಮೂಲಿ ಜಡಿಮಳೆ’ ಎಂದರು. ಮಾಪಕದಲ್ಲಿ ದೋಷವಿರಲಿಲ್ಲ, ಅದು ಎಣಿಸಿದ್ದ ನೀರಿನ ಲೆಕ್ಕವೂ ಸರಿಯಾಗಿಯೇ ಇತ್ತು. ತಪ್ಪಿದ್ದು ಕಾಲದ ಲೆಕ್ಕ.

ಅದಕ್ಕೂ ಹಿಂದಿನ ವರ್ಷ ಇದೇ ಯಂತ್ರ ಬೇರೆಯದೇ ರೀತಿಯಲ್ಲಿ ಕೈಕೊಟ್ಟಿತ್ತು. ಜಡಿಮಳೆಯ ಕಕ್ಕಡ ಮಾಸದಲ್ಲಿ ಭಾಗಮಂಡಲದ ಕಡೆ ಸೌರಫಲಕವನ್ನು ನೆಚ್ಚಿಕೊಳ್ಳುವುದು ಎಷ್ಟರ ಮಟ್ಟಿಗೆ ಜಾಣತನ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ವಾರಗಟ್ಟಲೆ ಬಿಸಿಲು ಕಾಣದೆ ಬ್ಯಾಟರಿ ಬರಿದಾಗಿ, ಮಳೆ ಹೆಚ್ಚು ಬಿದ್ದ ದಿನಗಳಲ್ಲೇ ಮಳೆಯ ದಾಖಲೆ ಇಲ್ಲದಂತಾಯಿತು. ಆ ದೋಷವನ್ನು ಸರಿಪಡಿಸಲು ಹೋಗಿಯೇ ಈ 540ರ ದೋಷವನ್ನು ಮೈಮೇಲೆ ಎಳೆದುಕೊಂಡೆವು. ಎರಡರ ಬೇರೂ ಒಂದೇ ಕಡೆ ಇದೆ: ಪ್ರೊಸೆಸರ್ ವಿದ್ಯುತ್ ಉಳಿಸಲು ನಿದ್ರೆಗೆ ಜಾರಿದಾಗ ಅದರೊಳಗಿನ ಟೈಮರ್‌ಗಳಿಗೆ ಏನಾಗುತ್ತದೆ, ಯಂತ್ರವನ್ನು ನಡೆಸುವ ಸಾಫ್ಟ್‌ವೇರಿನ ತಿರುಳಾದ ಕರ್ನಲ್ ಅದನ್ನು ಹೇಗೆ ನಿಭಾಯಿಸುತ್ತದೆ ಎಂಬ ಪ್ರಶ್ನೆಯಲ್ಲಿ.

ಮೊದಲಿಗೆ ಒಂದು ಪದದ ತಕರಾರನ್ನು ಬಗೆಹರಿಸಿಕೊಳ್ಳೋಣ. ಕನ್ನಡದಲ್ಲಿ ‘ಗಂಟೆ’ ಎಂದರೆ ಅರುವತ್ತು ನಿಮಿಷವೂ ಹೌದು, ಬಾರಿಸುವ ಲೋಹವೂ ಹೌದು. ‘ಗಂಟೆ ಎಷ್ಟಾಯಿತು’ ಮತ್ತು ‘ಗಂಟೆ ಹೊಡೆಯಿತು’ ಎಂಬ ಎರಡು ಮಾತುಗಳಲ್ಲಿ ಒಂದೇ ಪದ ಎರಡು ಬೇರೆ ಕೆಲಸ ಮಾಡುತ್ತದೆ. ಕಂಪ್ಯೂಟರಿನಲ್ಲಿಯೂ ಇದೇ ಗೊಂದಲವಿದ್ದು, ‘ಟೈಮರ್’ ಎಂಬ ಒಂದೇ ಹೆಸರಿನಡಿ ಎರಡು ಬಗೆಯ ಯಂತ್ರಾಂಶಗಳು ಅಡಗಿ ಕುಳಿತಿವೆ. ಒಂದು, ಸುಮ್ಮನೆ ಎಣಿಸುತ್ತಾ ಹೋಗುವಂಥದ್ದು. ಕೇಳಿದಾಗ ಈಗ ಎಷ್ಟಾಯಿತು ಎಂದು ಹೇಳುತ್ತದೆ, ತಾನಾಗಿ ಯಾರನ್ನೂ ಮಾತನಾಡಿಸುವುದಿಲ್ಲ. ಇನ್ನೊಂದು, ನಿಗದಿತ ಹೊತ್ತಿಗೆ ಇಂಟರಪ್ಟ್, ಅಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಇತ್ತ ನೋಡು ಎಂಬ ಸಂಕೇತ, ಕಳುಹಿಸಿ ಪ್ರೊಸೆಸರನ್ನು ತಟ್ಟುವಂಥದ್ದು. ಲಿನಕ್ಸ್ ಕರ್ನಲ್‌ನಲ್ಲಿ ಮೊದಲನೆಯದಕ್ಕೆ ಕ್ಲಾಕ್‌ಸೋರ್ಸ್ ಎಂದೂ ಎರಡನೆಯದಕ್ಕೆ ಕ್ಲಾಕ್ ಈವೆಂಟ್ ಎಂದೂ ಹೆಸರು. ಇಂದಿನ ಮಟ್ಟಿಗೆ ನಾನು ಮೊದಲನೆಯದನ್ನು ಗಡಿಯಾರವೆಂದೂ ಎರಡನೆಯದನ್ನು ಅಲಾರಂ ಎಂದೂ ಕರೆಯುತ್ತೇನೆ. ನಿದ್ರೆ ಇವೆರಡನ್ನೂ ಕೆಡಿಸುತ್ತದೆ, ಆದರೆ ಬೇರೆ ಬೇರೆ ರೀತಿಯಲ್ಲಿ. ಇದನ್ನು ಮರೆತವರು ನನ್ನಂತೆ ರಾತ್ರಿ ಹೊತ್ತು ರೈಟರಿಗೆ ಫೋನ್ ಮಾಡಬೇಕಾಗುತ್ತದೆ.

ಬಹಳ ಕಾಲ ಕರ್ನಲ್‌ಗಳು ಈ ಎರಡೂ ಕೆಲಸಗಳನ್ನು ಒಂದೇ ಏಟಿಗೆ ಮುಗಿಸುತ್ತಿದ್ದವು. ಹಳೆಯ ಪಿಸಿಗಳಲ್ಲಿ 8253 ಅಥವಾ 8254 ಎಂಬ ಟೈಮರ್ ಚಿಪ್ ಇತ್ತು. ಸೆಕೆಂಡಿಗೆ 11,93,182 ಬಾರಿ ಮಿಡಿಯುವ ಆ ಚಿಪ್ಪಿಗೆ ಸೆಕೆಂಡಿಗೆ 100 ಸಲ ಪ್ರೊಸೆಸರನ್ನು ತಟ್ಟು ಎಂದು ಲಿನಕ್ಸ್ ಹೇಳುತ್ತಿತ್ತು. ಪ್ರತಿ ತಟ್ಟಿಗೂ ಕರ್ನಲ್ ಎದ್ದು, ಒಂದು ಎಣಿಕೆಯನ್ನು ಹೆಚ್ಚಿಸಿ, ಯಾರ ಸರದಿ ಮುಗಿಯಿತು, ಯಾವ ಟೈಮರಿನ ಅವಧಿ ತೀರಿತು ಎಂದು ನೋಡಿ, ಮತ್ತೆ ಮೊದಲಿನ ಕೆಲಸಕ್ಕೆ ಮರಳುತ್ತಿತ್ತು. ಈ ತಟ್ಟಿಗೆ ಟಿಕ್ ಎಂದು ಹೆಸರು. ಲಿನಕ್ಸ್‌ನ 2.6ನೇ ಆವೃತ್ತಿಯ ಸರಣಿಯಲ್ಲಿ ಪಿಸಿಗಳಿಗೆ ಇದನ್ನು ಸೆಕೆಂಡಿಗೆ 1000ಕ್ಕೆ ಏರಿಸಿದರು. 2005ರಲ್ಲಿ ಬಂದ 2.6.13ರಲ್ಲಿ 250ಕ್ಕೆ ಇಳಿಸಿ, ಬೇಕಾದವರು ಬದಲಿಸಿಕೊಳ್ಳಲಿ ಎಂದು ಬಿಟ್ಟರು. ಸೆಕೆಂಡಿಗೆ 250 ಎಂದರೆ ಪ್ರತಿ 4 ಮಿಲಿಸೆಕೆಂಡಿಗೆ ಒಂದು ತಟ್ಟು. ಎಂಟು ಕೋರ್‌ಗಳಿರುವ, ಅಂದರೆ ಒಂದೇ ಚಿಪ್ಪಿನಲ್ಲಿ ಎಂಟು ಪ್ರೊಸೆಸರ್‌ಗಳಿರುವ, ಯಂತ್ರವೊಂದು ಯಾವ ಕೆಲಸವೂ ಇಲ್ಲದೆ ಸುಮ್ಮನೆ ಇದ್ದರೂ ಒಂದು ಗಂಟೆಯಲ್ಲಿ 72 ಲಕ್ಷ ಸಲ ‘ಕೆಲಸ ಉಂಟೋ?’ ಎಂದು ಎದ್ದು ನೋಡಿ ಮಲಗುತ್ತಿತ್ತು.

ಎದ್ದು ಮಲಗಿದರೆ ನಷ್ಟವೇನು ಎಂದು ನೀವು ಕೇಳಬಹುದು. ನಷ್ಟ ಎಲ್ಲಿದೆ ಎಂದು ತಿಳಿಯಲು ನಿದ್ರೆಯ ಮಟ್ಟಗಳನ್ನು ನೋಡಬೇಕು. ಪ್ರೊಸೆಸರಿನ ನಿದ್ರೆ ಒಂದೇ ಬಗೆಯದಲ್ಲ. ಮೇಲುಮೇಲಿನ ನಿದ್ರೆಯಲ್ಲಿ ಮಿಡಿತ ಮಾತ್ರ ನಿಲ್ಲುತ್ತದೆ. ಆಳಕ್ಕೆ ಇಳಿದಂತೆ ಕ್ಯಾಶ್ ಎಂಬ ಕೈಹತ್ತಿರದ ಸ್ಮೃತಿ ಖಾಲಿಯಾಗುತ್ತದೆ, ಕೋರ್‌ನ ವೋಲ್ಟೇಜ್ ಕುಸಿಯುತ್ತದೆ, ಕೊನೆಗೆ ಇಡೀ ಚಿಪ್ಪಿನ ಹಲವು ಭಾಗಗಳಿಗೆ ವಿದ್ಯುತ್ತೇ ಕಡಿತವಾಗುತ್ತದೆ. ಆಳ ಹೆಚ್ಚಿದಷ್ಟೂ ಉಳಿತಾಯ ಹೆಚ್ಚು. ಆದರೆ ಇಳಿಯಲು ಮತ್ತು ಏಳಲು ತಗಲುವ ಹೊತ್ತೂ ಖರ್ಚೂ ಹೆಚ್ಚು. ಇಂಟೆಲ್‌ನ ಸ್ಕೈಲೇಕ್ ಪ್ರೊಸೆಸರ್‌ಗಳಿಗಾಗಿ ಲಿನಕ್ಸ್‌ನಲ್ಲಿ ಬರೆದಿಟ್ಟ ಕೋಷ್ಟಕವನ್ನೇ ತೆಗೆದುಕೊಳ್ಳಿ. ಸಿ1 ಎಂಬ ತೆಳು ನಿದ್ರೆಯಿಂದ ಏಳಲು 2 ಮೈಕ್ರೋಸೆಕೆಂಡ್ ಸಾಕು. ಸಿ6ರಿಂದ ಏಳಲು 85 ಮೈಕ್ರೋಸೆಕೆಂಡ್ ಬೇಕು, ಮತ್ತು ಕನಿಷ್ಠ 200 ಮೈಕ್ರೋಸೆಕೆಂಡ್ ಮಲಗಿದ್ದರೆ ಮಾತ್ರ ಆ ನಿದ್ರೆ ಲಾಭದಾಯಕ. ಎಲ್ಲಕ್ಕಿಂತ ಆಳವಾದ ಸಿ10ರಿಂದ ಏಳಲು 890 ಮೈಕ್ರೋಸೆಕೆಂಡ್; ಲಾಭವಾಗಬೇಕಾದರೆ ಕನಿಷ್ಠ 5000 ಮೈಕ್ರೋಸೆಕೆಂಡ್, ಅಂದರೆ 5 ಮಿಲಿಸೆಕೆಂಡ್, ಅಲುಗಾಡದೆ ಮಲಗಿರಬೇಕು. ಈಗ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ನಿದ್ರೆಗೆ 5 ಮಿಲಿಸೆಕೆಂಡ್ ಬೇಕು. ಟಿಕ್ 4 ಮಿಲಿಸೆಕೆಂಡಿಗೊಮ್ಮೆ ಬಾಗಿಲು ಬಡಿಯುತ್ತದೆ. ಟಿಕ್ ನಡೆಯುತ್ತಿರುವವರೆಗೆ ಆ ಪ್ರೊಸೆಸರ್ ಸಿ10ರ ಲಾಭವನ್ನು ಒಮ್ಮೆಯೂ ಪಡೆಯಲಾರದು. ಹಣ ಕೊಟ್ಟು ಕೊಂಡ ಹಾಸಿಗೆಯ ಮೇಲೆ ಮಲಗಲು ಬಿಡುವೇ ಇಲ್ಲದ ಸ್ಥಿತಿ.

ಆದ್ದರಿಂದ ಬಿಡುವಿದ್ದಾಗ ಟಿಕ್ ನಿಲ್ಲಬೇಕು. ಇದಕ್ಕೆ ನಮ್ಮ ಊರಿನದೇ ಉದಾಹರಣೆಯಿದೆ. ತುಲಾ ಸಂಕ್ರಮಣದಂದು ತಲಕಾವೇರಿಯಲ್ಲಿ ತೀರ್ಥೋದ್ಭವ ಯಾವ ಗಂಟೆ ಯಾವ ನಿಮಿಷಕ್ಕೆ ಎಂಬುದನ್ನು ಪಂಚಾಂಗ ನೋಡಿ ಮೊದಲೇ ಪ್ರಕಟಿಸುತ್ತಾರೆ. ತೀರ್ಥ ಬಂತೋ ಇಲ್ಲವೋ ಎಂದು ವರ್ಷವಿಡೀ ದಿನಕ್ಕೊಮ್ಮೆ ಹೋಗಿ ಕುಂಡಿಕೆಯನ್ನು ಇಣುಕಿ ನೋಡುವವರು ಯಾರೂ ಇಲ್ಲ. ಕರ್ನಲ್‌ಗೂ ತನ್ನ ಮುಂದಿನ ಟೈಮರ್ ಯಾವಾಗ ತೀರುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಹಾಗಿರುವಾಗ ಅಲಾರಮನ್ನು ಆ ಒಂದು ಕ್ಷಣಕ್ಕೆ ಮಾತ್ರ ಇಟ್ಟು ಅಲ್ಲಿಯವರೆಗೆ ನಿಶ್ಚಿಂತೆಯಿಂದ ಮಲಗಬಹುದಷ್ಟೆ. 2006ರಲ್ಲಿ 2.6.16ರೊಂದಿಗೆ ಸೂಕ್ಷ್ಮ ಅಳತೆಯ ಟೈಮರ್‌ಗಳ ಚೌಕಟ್ಟು ಬಂತು, 2007ರಲ್ಲಿ 2.6.21ರೊಂದಿಗೆ, ಥಾಮಸ್ ಗ್ಲೈಕ್ಸ್ನರ್ ಮತ್ತು ಇಂಗೊ ಮೊಲ್ನಾರ್ ಅವರ ಕೆಲಸದಿಂದ, ಬಿಡುವಿನಲ್ಲಿ ಟಿಕ್ ನಿಲ್ಲಿಸುವ ವ್ಯವಸ್ಥೆ ಬಂತು. ಗಡಿಯಾರವನ್ನೂ ಅಲಾರಮನ್ನೂ ಬೇರ್ಪಡಿಸದೆ ಇದು ಸಾಧ್ಯವಿರಲಿಲ್ಲ. ಟಿಕ್ ಎಣಿಸಿಯೇ ಕಾಲ ತಿಳಿಯುತ್ತಿದ್ದವನು ಟಿಕ್ ನಿಲ್ಲಿಸಿದರೆ, ಎದ್ದ ಮೇಲೆ ಎಷ್ಟು ಹೊತ್ತು ಮಲಗಿದ್ದೆ ಎಂದು ಹೇಳುವವರೇ ಇರುವುದಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸುಲಭ. ಕಷ್ಟ ಶುರುವಾಗುವುದು ಇಲ್ಲಿಂದ ಮುಂದೆ.

ಆ ಕಾಲದಲ್ಲಿ ನನ್ನ ಬಳಿ ಎರಡು ಕೋರ್‌ಗಳ ಒಂದು ಲ್ಯಾಪ್‌ಟಾಪ್ ಇತ್ತು. ಹೊಸ ಕರ್ನಲ್ ಹಾಕಿ ಆನ್ ಮಾಡಿದರೆ ಪರದೆಯ ಮೇಲೆ ಆರೇಳು ಸಾಲು ಬಂದು ನಿಂತುಬಿಡುತ್ತಿತ್ತು. ಕೆಟ್ಟಿತು ಎಂದುಕೊಂಡು ಒಂದು ಕೀ ಒತ್ತಿದರೆ ಇನ್ನೆರಡು ಸಾಲು. ಮತ್ತೊಮ್ಮೆ ಒತ್ತಿದರೆ ಮತ್ತೆರಡು. ಶಿಫ್ಟ್ ಕೀಯನ್ನು ಎಡೆಬಿಡದೆ ಕುಟ್ಟುತ್ತಾ ಕುಳಿತರೆ ಐದು ನಿಮಿಷದಲ್ಲಿ ಲಾಗಿನ್ ಪರದೆ ಬರುತ್ತಿತ್ತು. ಕೈ ತೆಗೆದರೆ ಕರ್ಸರ್ ಮಿನುಗುವುದೂ ನಿಲ್ಲುತ್ತಿತ್ತು. ಭತ್ತ ಕುಟ್ಟಿದಂತೆ ಕುಟ್ಟಿ ಕಂಪ್ಯೂಟರ್ ನಡೆಸಿದ ಆ ವಾರವನ್ನು ನಾನು ಮರೆತಿಲ್ಲ. ಕಾರಣ ತಿಳಿದಾಗ ಮಾತ್ರ ಬಹಳ ಸಂತೋಷವಾಯಿತು, ಏಕೆಂದರೆ ಇಂದಿನ ಉಪನ್ಯಾಸದ ತಿರುಳೆಲ್ಲ ಆ ಶಿಫ್ಟ್ ಕೀಯಲ್ಲಿ ಇತ್ತು.

ಬಹುಕೋರ್ ಪಿಸಿಗಳಲ್ಲಿ ಪ್ರತಿ ಕೋರ್‌ಗೂ ತನ್ನದೇ ಆದ ಒಂದು ಅಲಾರಂ ಇರುತ್ತದೆ. ಅದು ಲೋಕಲ್ ಎಪಿಕ್ ಎಂಬ ಭಾಗದೊಳಗಿನ ಟೈಮರ್. ಕೋರ್‌ನ ಪಕ್ಕದಲ್ಲೇ ಇರುವುದರಿಂದ ಅದಕ್ಕೆ ಸಮಯ ತುಂಬುವುದು ಅಗ್ಗ, ಬೇಗ, ಇತರ ಕೋರ್‌ಗಳೊಂದಿಗೆ ಜಗಳವಿಲ್ಲ. ಆದರೆ ಅದೇ ಹತ್ತಿರದ ನಂಟು ಮುಳುವಾಗುತ್ತದೆ. ಆಗಿನ ಪ್ರೊಸೆಸರ್‌ಗಳಲ್ಲಿ ಕೋರ್ ಸಿ3 ಅಥವಾ ಅದಕ್ಕಿಂತ ಆಳಕ್ಕೆ ಇಳಿದರೆ ಅದರೊಂದಿಗೆ ಈ ಟೈಮರಿನ ಮಿಡಿತವೂ ನಿಲ್ಲುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ, ಕರ್ನಲ್‌ಗೆ ತಿಳಿಸದೆಯೇ, ಯಂತ್ರಾಂಶವು ತೆಳು ನಿದ್ರೆಯನ್ನು ತಾನಾಗಿ ಆಳದ ನಿದ್ರೆಯಾಗಿ ಬದಲಿಸಿಬಿಡುತ್ತಿತ್ತು. ನಾಲ್ಕು ಗಂಟೆಗೆ ಅಲಾರಂ ಇಟ್ಟು ಮಲಗಿದವನ ಕಣ್ಣು ಮುಚ್ಚಿದ ಕೂಡಲೇ ಅಲಾರಮಿನ ಮುಳ್ಳೂ ನಿಂತರೆ ಅವನು ಏಳುವುದು ಹೇಗೆ? ಹೊರಗಿನಿಂದ ಯಾರಾದರೂ ಬಾಗಿಲು ತಟ್ಟಬೇಕು. ಕೀಬೋರ್ಡಿನ ಇಂಟರಪ್ಟ್ ಹೊರಗಿನಿಂದ ಬರುವಂಥದ್ದು. ಅದು ಕೋರನ್ನು ಎಬ್ಬಿಸುತ್ತದೆ, ಎದ್ದ ಕೋರ್ ತೀರಿಹೋದ ಟೈಮರ್‌ಗಳನ್ನು ನೋಡಿ ಎರಡು ಸಾಲು ಕೆಲಸ ಮಾಡುತ್ತದೆ, ಮತ್ತೆ ಮಲಗುತ್ತದೆ. ನಾನು ಶಿಫ್ಟ್ ಕುಟ್ಟುತ್ತಿದ್ದಾಗ ನಿಜವಾಗಿ ಮಾಡುತ್ತಿದ್ದದ್ದು ಒಂದು ಟೈಮರ್ ಚಿಪ್ಪಿನ ಕೆಲಸ.

ಈ ಕೆಲಸಕ್ಕೆ ಕರ್ನಲ್ ನನ್ನ ಬೆರಳನ್ನು ನಂಬುವಂತಿಲ್ಲವಾದ್ದರಿಂದ ಅಲ್ಲಿ ಟಿಕ್ ಬ್ರಾಡ್‌ಕಾಸ್ಟ್ ಎಂಬ ವ್ಯವಸ್ಥೆಯಿದೆ. ಇದನ್ನು ತೋಟದ ಕಾರ್ಮಿಕರ ಲೈನ್ ಮನೆಗಳ ಲೆಕ್ಕದಲ್ಲಿ ಹೇಳುತ್ತೇನೆ. ಎಂಟು ಮನೆಗಳ ಒಂದು ಲೈನ್ ಇದೆ ಎಂದುಕೊಳ್ಳಿ. ಪ್ರತಿ ಮನೆಯಲ್ಲೂ ಅಲಾರಂ ಇದೆ, ಆದರೆ ಮನೆಯವರು ಗಾಢವಾಗಿ ಮಲಗಿದರೆ ಅದು ನಿಲ್ಲುತ್ತದೆ. ಗೇಟಿನ ಬಳಿ ರಾತ್ರಿಯಿಡೀ ಎಚ್ಚರವಿರುವ ಕಾವಲುಗಾರನ ಬಳಿ ನಿಲ್ಲದ ಒಂದೇ ಒಂದು ಅಲಾರಂ ಇದೆ. ಗಾಢವಾಗಿ ಮಲಗಲು ಹೊರಟವರು ಮೊದಲು ಅವನ ಬಳಿಗೆ ಹೋಗಿ, ತಮ್ಮ ಮನೆಯ ಸಂಖ್ಯೆಯನ್ನೂ ಏಳಬೇಕಾದ ಹೊತ್ತನ್ನೂ ಚೀಟಿಯಲ್ಲಿ ಬರೆಸಿ, ತಮ್ಮ ಅಲಾರಮನ್ನು ಆರಿಸಿ ಮಲಗಬೇಕು. ಕಾವಲುಗಾರ ಎಂಟು ಹೊತ್ತುಗಳಿಗೂ ಅಲಾರಂ ಇಡುವುದಿಲ್ಲ, ಇಡಲು ಅವನ ಬಳಿ ಎಂಟು ಅಲಾರಂ ಇಲ್ಲ. ಚೀಟಿಯಲ್ಲಿರುವ ಎಲ್ಲಕ್ಕಿಂತ ಮೊದಲಿನ ಹೊತ್ತಿಗೆ ಮಾತ್ರ ಇಟ್ಟುಕೊಳ್ಳುತ್ತಾನೆ. ಅದು ಬಡಿದಾಗ ಯಾರ ಯಾರ ಹೊತ್ತು ಆಗಿದೆಯೋ ಅವರ ಬಾಗಿಲನ್ನೆಲ್ಲ ತಟ್ಟಿ, ಉಳಿದವರಲ್ಲಿ ಮೊದಲಿಗರ ಹೊತ್ತಿಗೆ ಮತ್ತೆ ಇಡುತ್ತಾನೆ. ಕರ್ನಲ್‌ನಲ್ಲಿ ಚೀಟಿಯೆಂದರೆ ಕೋರ್‌ಗೆ ಒಂದು ಬಿಟ್‌ನಂತೆ ಇರುವ ಒಂದು ಮಾಸ್ಕ್. ಬಾಗಿಲು ತಟ್ಟುವುದೆಂದರೆ ಒಂದು ಕೋರ್ ಇನ್ನೊಂದಕ್ಕೆ ಕಳುಹಿಸುವ ಇಂಟರಪ್ಟ್. ಕಾವಲುಗಾರ ಎಂದರೆ ಕೋರ್‌ಗಳ ಹೊರಗಿರುವ ಎಚ್‌ಪೆಟ್ ಎಂಬ ಟೈಮರ್, ಅದಿಲ್ಲದಿದ್ದರೆ ಆಗಲೇ ಹೇಳಿದ 8254. ಈ ಹಳೆಯ ಕಾವಲುಗಾರನ ಎಣಿಕೆ 16 ಬಿಟ್ ಮಾತ್ರ. ಆದ್ದರಿಂದ ಒಮ್ಮೆಗೆ 55 ಮಿಲಿಸೆಕೆಂಡಿಗಿಂತ ದೂರದ ಹೊತ್ತನ್ನು ಅವನಿಗೆ ಹೇಳಲಾಗುವುದಿಲ್ಲ. ಅವನನ್ನು ನೆಚ್ಚಿಕೊಂಡರೆ ನಿದ್ರೆಯೂ ಅಷ್ಟೇ ಉದ್ದ.

ಯೋಜನೆ ಕೇಳಲು ಸರಳ. ಬರೆಯಲು ಕುಳಿತಾಗ ತಿಳಿಯುವ ಕಷ್ಟಗಳೇ ಬೇರೆ, ಅವುಗಳಲ್ಲಿ ಮೂರನ್ನಾದರೂ ಹೇಳಬೇಕು. ಚೀಟಿ ಒಂದೇ ಆದ್ದರಿಂದ ಅದಕ್ಕೆ ಬೀಗವೂ ಒಂದೇ. ಕೋರ್‌ಗಳು ನಾಲ್ಕಾರಿದ್ದರೆ ಚಿಂತೆಯಿಲ್ಲ. ನೂರಾರು ಕೋರ್‌ಗಳಿರುವ ಸರ್ವರಿನಲ್ಲಿ ಮಲಗುವವರೂ ಏಳುವವರೂ ಒಂದೇ ಬೀಗಕ್ಕಾಗಿ ಸಾಲುಗಟ್ಟಿ ನಿಲ್ಲುತ್ತಾರೆ. ಎರಡನೆಯದು, ಕಾವಲುಗಾರನ ಇಂಟರಪ್ಟ್ ಯಾವುದೋ ಒಂದು ಕೋರ್‌ಗೆ ಹೋಗಬೇಕಲ್ಲ. ಅದು ಸೊನ್ನೆಯನೇ ಕೋರ್‌ಗೆ ಹೋಗುವಂತಿದ್ದರೆ, ಐದನೆಯವನನ್ನು ಎಬ್ಬಿಸಬೇಕಾದಾಗಲೆಲ್ಲ ಸೊನ್ನೆಯವನು ವಿನಾಕಾರಣ ಎದ್ದು ಐದರ ಬಾಗಿಲು ತಟ್ಟಿ ಬರಬೇಕು. ಒಬ್ಬನ ನಿದ್ರೆಗೆ ಇಬ್ಬರು ಏಳುವ ಈ ದಂಡವನ್ನು ತಪ್ಪಿಸಲು, ಮುಂದೆ ಏಳಬೇಕಾದ ಕೋರ್ ಯಾವುದೋ ಅದರ ಕಡೆಗೇ ಇಂಟರಪ್ಟನ್ನು ತಿರುಗಿಸಿಡುವ ಸೌಲಭ್ಯವನ್ನು ಬಳಿಕ ಸೇರಿಸಿದರು. ಮೂರನೆಯದು ಇನ್ನೂ ಸೂಕ್ಷ್ಮ. ಒಂದು ಕೋರ್ ನಾಲ್ಕು ಗಂಟೆಗೆ ಎಬ್ಬಿಸು ಎಂದು ಬರೆಸಿ ಮಲಗಿದೆ. ನಾಲ್ಕಕ್ಕೆ ಇನ್ನೇನು ಒಂದು ಕ್ಷಣ ಇದೆ ಎನ್ನುವಾಗ ನೆಟ್‌ವರ್ಕ್ ಕಾರ್ಡ್ ಅದನ್ನು ಎಬ್ಬಿಸುತ್ತದೆ. ಎದ್ದ ಕೋರ್ ಚೀಟಿಯಿಂದ ಹೆಸರು ಹೊಡೆದು ತನ್ನ ಅಲಾರಮನ್ನು ಮತ್ತೆ ಹಚ್ಚಬೇಕು. ಆದರೆ ಹಚ್ಚುವಷ್ಟರಲ್ಲಿ ನಾಲ್ಕು ಕಳೆದಿರಬಹುದು, ಅತ್ತ ಕಾವಲುಗಾರನೂ ಬಾಗಿಲಿಗೆ ಬರುತ್ತಿರಬಹುದು. ಒಂದೇ ಹೊತ್ತಿಗೆ ಇಬ್ಬರು ಎಬ್ಬಿಸುವುದೋ, ಯಾರೂ ಎಬ್ಬಿಸದೆ ಉಳಿಯುವುದೋ ಎಂಬ ಈ ಇಕ್ಕಟ್ಟಿಗಾಗಿಯೇ ಆ ಕಡತದಲ್ಲಿ ಇನ್ನೂ ಎರಡು ಮಾಸ್ಕ್‌ಗಳಿವೆ. ಟೈಮರ್‌ಗಳ ಕೋಡ್ ಓದಬೇಕೆಂದಿರುವವರು ಕರ್ನಲ್‌ನ ಟಿಕ್ ಬ್ರಾಡ್‌ಕಾಸ್ಟ್ ಕಡತದಿಂದಲೇ ಶುರು ಮಾಡಿ ಎಂದು ನಾನು ಹೇಳುವುದು ಇದಕ್ಕಾಗಿ. ಅಲ್ಲಿರುವ ಬಹುತೇಕ ಟಿಪ್ಪಣಿಗಳು ಯಾರೋ ಒಬ್ಬರು ನಿದ್ದೆಗೆಟ್ಟು ಕಂಡುಕೊಂಡ ಸತ್ಯಗಳು.

ಕಾವಲುಗಾರನೇ ಇಲ್ಲದ ತೋಟವೂ ಉಂಟು. ಕೆಲವು ಪವರ್‌ಪಿಸಿ ಯಂತ್ರಗಳಲ್ಲಿ ಕೋರ್‌ಗಳ ಹೊರಗೆ ಟೈಮರೇ ಇಲ್ಲ. ಅಂಥವಕ್ಕಾಗಿ 2014ರಲ್ಲಿ, 3.15ರೊಂದಿಗೆ, ಕೋರ್‌ಗಳಲ್ಲೇ ಒಬ್ಬನನ್ನು ಕಾವಲಿಗೆ ನಿಲ್ಲಿಸುವ ಉಪಾಯ ಬಂತು: ಅವನು ಆಳದ ನಿದ್ರೆಗೆ ಹೋಗಲು ಕೇಳಿದರೆ ಕರ್ನಲ್ ಸಾಧ್ಯವಿಲ್ಲ ಎನ್ನುತ್ತದೆ, ಅವನು ತೆಳು ನಿದ್ರೆಯಲ್ಲೇ ತೃಪ್ತನಾಗಬೇಕು. ಎಲ್ಲರ ನಿದ್ರೆಗಾಗಿ ಒಬ್ಬನ ಜಾಗರಣೆ.

ಯಂತ್ರಾಂಶ ತಯಾರಕರು ಕೊನೆಗೆ ದಾರಿಗೆ ಬಂದರೆನ್ನಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬಳಿಕ ಬಂದ ಅರಾಟ್ ಎಂಬ ಗುಣದ ಅರ್ಥ, ಲೋಕಲ್ ಎಪಿಕ್ ಟೈಮರ್ ಯಾವ ನಿದ್ರೆಯಲ್ಲೂ ನಿಲ್ಲುವುದಿಲ್ಲ ಎಂದು. ನಿಮ್ಮ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ, ಪ್ರೊಸೆಸರಿನ ವಿವರಗಳಿರುವ ಲಿನಕ್ಸ್‌ನ ಪ್ರಾಕ್ ಸಿಪಿಯು-ಇನ್ಫೋ ಕಡತ ತೆರೆದರೆ ಫ್ಲಾಗ್‌ಗಳ ಸಾಲಿನಲ್ಲಿ ಆ ಹೆಸರು ಕಾಣುತ್ತದೆ. ಕಂಡರೆ ನಿಮ್ಮಲ್ಲಿ ಕಾವಲುಗಾರನಿಗೆ ಕೆಲಸವಿಲ್ಲ. ಆದರೆ ಆರ್ಮ್ ಪ್ರೊಸೆಸರ್‌ಗಳ ಜಗತ್ತಿನಲ್ಲಿ, ಅಂದರೆ ನಿಮ್ಮ ಜೇಬಿನ ಫೋನಿನಲ್ಲಿ ಮತ್ತು ನಮ್ಮ ಮಳೆ ಮಾಪಕದ ಬೋರ್ಡಿನಲ್ಲಿ, ಈ ಕಥೆ ಇನ್ನೂ ಮುಗಿದಿಲ್ಲ. ಅಲ್ಲಿ ಎಣಿಕೆ ಮಾಡುವ ಸಿಸ್ಟಂ ಕೌಂಟರ್ ಎಂದೂ ಆರದ ಭಾಗದಲ್ಲಿರುತ್ತದೆ. ‘ಇಷ್ಟಾದಾಗ ತಟ್ಟು’ ಎಂದು ಹೋಲಿಸಿ ನೋಡುವ ಭಾಗ ಮಾತ್ರ ಕೋರ್‌ನೊಳಗಿರುತ್ತದೆ. ಕೋರ್‌ಗೆ ವಿದ್ಯುತ್ ಕಡಿದರೆ ಗಡಿಯಾರ ಬದುಕುತ್ತದೆ, ಅಲಾರಂ ಸಾಯುತ್ತದೆ. ಯಾವ ನಿದ್ರೆಯಲ್ಲಿ ಹೀಗಾಗುತ್ತದೆ ಎಂಬುದನ್ನು ಬೋರ್ಡಿನ ಯಂತ್ರಾಂಶದ ವಿವರಪಟ್ಟಿಯಾದ ಡಿವೈಸ್ ಟ್ರೀಯಲ್ಲಿ ‘ಲೋಕಲ್ ಟೈಮರ್ ಸ್ಟಾಪ್’ ಎಂಬ ಒಂದು ಸಾಲಿನಿಂದ ಕರ್ನಲ್‌ಗೆ ತಿಳಿಸಬೇಕು. ಆ ಒಂದು ಸಾಲನ್ನು ಬರೆಯಲು ಮರೆತರೆ ನನ್ನ ಶಿಫ್ಟ್ ಕೀಯ ಕಥೆ ನಿಮ್ಮ ಬೋರ್ಡಿನಲ್ಲಿ ಮರುಕಳಿಸುತ್ತದೆ, ಅದಕ್ಕೆ ಕೀಬೋರ್ಡೂ ಇರುವುದಿಲ್ಲ.

ಇಷ್ಟು ಹೊತ್ತು ಅಲಾರಂ ಸಾಯುವುದನ್ನು ಹೇಳಿದೆ. ಗಡಿಯಾರ ಸಾಯುವುದು ಇನ್ನೂ ಮೋಸದ ಸಂಗತಿ, ಏಕೆಂದರೆ ಅಲ್ಲಿ ಯಂತ್ರ ನಿಲ್ಲುವುದಿಲ್ಲ, ಸುಳ್ಳು ಹೇಳುತ್ತಾ ನಡೆಯುತ್ತದೆ. ಪಿಸಿಗಳ ಅತಿ ವೇಗದ ಗಡಿಯಾರವಾದ ಟಿಎಸ್‌ಸಿ ಹಳೆಯ ಪ್ರೊಸೆಸರ್‌ಗಳಲ್ಲಿ ಆಳದ ನಿದ್ರೆಯಲ್ಲಿ ನಿಂತುಬಿಡುತ್ತಿತ್ತು. ಎದ್ದ ಮೇಲೆ ನಿದ್ರೆಯ ಹೊತ್ತನ್ನು ಬಿಟ್ಟು ಎಣಿಕೆ ಮುಂದುವರಿಸುತ್ತಿತ್ತು. ಅಂಥ ಪ್ರೊಸೆಸರ್ ಕಂಡರೆ ಕರ್ನಲ್ ‘ಟಿಎಸ್‌ಸಿ ನಿದ್ರೆಯಲ್ಲಿ ನಿಲ್ಲುತ್ತದೆ, ನಂಬುವಂತಿಲ್ಲ’ ಎಂದು ದಾಖಲೆಯಲ್ಲಿ ಬರೆದು ಬೇರೆ ಗಡಿಯಾರವನ್ನು ಹಿಡಿಯುತ್ತದೆ. ಆ ಬೇರೆಯದು ಎಸಿಪಿಐ ಪಿಎಂ ಟೈಮರ್ ಆಗಿದ್ದರೆ ಇನ್ನೊಂದು ತೊಡಕು: ಸೆಕೆಂಡಿಗೆ 35,79,545 ಸಲ ಮಿಡಿಯುವ ಅದರ ಎಣಿಕೆ 24 ಬಿಟ್ ಮಾತ್ರವಾದರೆ, 4.7 ಸೆಕೆಂಡಿಗೊಮ್ಮೆ ಸುತ್ತು ಮುಗಿದು ಮತ್ತೆ ಸೊನ್ನೆಗೆ ಬರುತ್ತದೆ. ಅಷ್ಟರೊಳಗೆ ಒಮ್ಮೆ ಎದ್ದು ನೋಡದಿದ್ದರೆ ಎಷ್ಟು ಸುತ್ತಾಯಿತೆಂದು ತಿಳಿಯುವುದಿಲ್ಲ. ಹಾಗಾಗಿ ಅಲಾರಂ ಎಷ್ಟು ದೂರವಿದ್ದರೂ, ಗಡಿಯಾರದ ಸುತ್ತು ಮುಗಿಯುವ ಮೊದಲು ಏಳಲೇಬೇಕೆಂದು ಕರ್ನಲ್ ನಿದ್ರೆಗೆ ಮಿತಿ ಹಾಕುತ್ತದೆ.

ಯಾವ ಆಳಕ್ಕೆ ಇಳಿಯಬೇಕು ಎಂಬ ತೀರ್ಮಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದೇ ಒಂದು ಬೇರೆ ಉಪನ್ಯಾಸ. ಮುಂದಿನ ಟೈಮರ್ ಯಾವಾಗ ಎಂಬುದು ಖಚಿತವಾಗಿ ಗೊತ್ತು. ಅದಕ್ಕೂ ಮೊದಲು ಬೇರೆ ಇಂಟರಪ್ಟ್ ಬಂದೀತೇ ಎಂಬುದು ಊಹೆ. ಮೆನು, ಟಿಯೋ ಎಂಬ ಗವರ್ನರ್‌ಗಳು ಆ ಊಹೆಯನ್ನು ಮಾಡುತ್ತವೆ. 2018ರಲ್ಲಿ ಬಂದ 4.17ರವರೆಗೆ ಕರ್ನಲ್ ಮೊದಲು ಟಿಕ್ ನಿಲ್ಲಿಸಿ ಆಮೇಲೆ ಆಳವನ್ನು ಆರಿಸುತ್ತಿತ್ತು. ಈಗ ಆಳವನ್ನು ಆರಿಸಿ, ನಿದ್ರೆ ಚಿಕ್ಕದೆಂದು ಕಂಡರೆ ಟಿಕ್ಕನ್ನು ನಿಲ್ಲಿಸುವ ಗೋಜಿಗೇ ಹೋಗುವುದಿಲ್ಲ. ತಲಕಾವೇರಿಗೆ ಹೋಗುವವರು ಹೊತ್ತಿಗೆ ಮುಂಚೆಯೇ ಮಡಿಕೇರಿ ಬಿಡುತ್ತಾರೆ. ಕರ್ನಲ್ ಸಾಮಾನ್ಯವಾಗಿ ಹಾಗೆ ಮುಂಚೆ ಹೊರಡುವುದಿಲ್ಲ, ಏಳಲು ತಗಲುವಷ್ಟು ತಡವಾಗಿಯೇ ತಲುಪುತ್ತದೆ. ಆ ತಡವನ್ನು ಸಹಿಸದ ಕೆಲಸವಿದ್ದರೆ, ಇಷ್ಟಕ್ಕಿಂತ ಆಳಕ್ಕೆ ಇಳಿಯಬೇಡ ಎಂದು ನಾವೇ ಕಟ್ಟು ಹಾಕಬೇಕು.

ಇನ್ನು ನಮ್ಮ ಮಳೆ ಮಾಪಕಕ್ಕೆ ಬರುತ್ತೇನೆ. ಅಲ್ಲಿದ್ದದ್ದು ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ. ಲೆಕ್ಕಕ್ಕೆ 84 ವ್ಯಾಟ್-ಅವರ್. ಬೋರ್ಡ್ ಎಚ್ಚರವಿದ್ದಾಗ ಸುಮಾರು 2 ವ್ಯಾಟ್ ತಿನ್ನುತ್ತಿತ್ತು, ಅಂದರೆ ಬಿಸಿಲಿಲ್ಲದಿದ್ದರೆ 42 ಗಂಟೆಗೆ ಖಾಲಿ. ಕರ್ನಲ್‌ನಲ್ಲಿ ಟಿಕ್ ನಿಲ್ಲಿಸುವ ವ್ಯವಸ್ಥೆ ಇದ್ದೇ ಇತ್ತು, ಆಳದ ನಿದ್ರೆಯೂ ಇತ್ತು. ಹಾಗಾದರೆ ನಿದ್ರಿಸಲು ಬಿಡದವರು ಯಾರು ಎಂದು, ಯಾವ ಪ್ರೋಗ್ರಾಂ ಎಷ್ಟು ಸಲ ಎಬ್ಬಿಸುತ್ತದೆಂದು ಪಟ್ಟಿ ಮಾಡುವ ಪವರ್‌ಟಾಪ್ ಹಚ್ಚಿ ನೋಡಿದರೆ ಪಟ್ಟಿಯ ನೆತ್ತಿಯ ಮೇಲೆ ನಾನೇ ಬರೆದ ಪ್ರೋಗ್ರಾಂ ಕುಳಿತಿತ್ತು. ಮಳೆನೀರು ತುಂಬಿದಾಗ ವಾಲಿ ಚೆಲ್ಲುವ, ಮಾಪಕದೊಳಗಿನ ಪುಟ್ಟ ತೊಟ್ಟಿಲು ವಾಲಿತೇ ಎಂದು ಅದು 10 ಮಿಲಿಸೆಕೆಂಡಿಗೊಮ್ಮೆ ಎದ್ದು ನೋಡುತ್ತಿತ್ತು. ಕರ್ನಲ್‌ನ ಮಂದಿ ವರ್ಷಗಟ್ಟಲೆ ಬೆವರು ಸುರಿಸಿ ತೆಗೆದುಹಾಕಿದ ಸೆಕೆಂಡಿಗೆ 100ರ ಟಿಕ್ಕನ್ನು ನಾನು ಐದು ಸಾಲಿನ ಪ್ರೋಗ್ರಾಮಿನಲ್ಲಿ ಮರಳಿ ತಂದಿದ್ದೆ. ಟೈಮರ್‌ಗಳನ್ನು ಒಟ್ಟುಗೂಡಿಸಲು ಕರ್ನಲ್ ತನ್ನ ಕಡೆಯಿಂದ ಪ್ರಯತ್ನಿಸುತ್ತದೆ. ಸಾಮಾನ್ಯ ಪ್ರೋಗ್ರಾಂಗಳ ಟೈಮರ್‌ಗಳನ್ನು 50 ಮೈಕ್ರೋಸೆಕೆಂಡ್‌ನಷ್ಟು ತಡಮಾಡಿ ಪಕ್ಕದ ಟೈಮರಿನೊಂದಿಗೆ ಸೇರಿಸಲು ಅದಕ್ಕೆ ಅನುಮತಿಯಿದೆ. ಅವಸರವಿಲ್ಲದವನ್ನು, ಬೇರೆ ಕಾರಣಕ್ಕೆ ಎದ್ದಾಗ ನೋಡಿಕೊಂಡರಾಯಿತು ಎಂದು ಮುಂದೂಡುವ ದಾರಿಯೂ ಅದರೊಳಗಿದೆ. ಆದರೆ ನಿಮಿಷಕ್ಕೆ ಆರು ಸಾವಿರ ಸಲ ಎಬ್ಬಿಸು ಎಂದು ಕೇಳಿಕೊಂಡವನನ್ನು ಯಾವ ಕರ್ನಲ್ ತಾನೇ ಕಾಪಾಡೀತು?

ಮುಂದಿನ ಮಳೆಗಾಲಕ್ಕೆ ಎಲ್ಲವನ್ನೂ ಬದಲಿಸಿದೆವು. ತೊಟ್ಟಿಲಿನ ವಾಲಾಟವನ್ನು ಎಂದೂ ಆರದ ಒಂದು ಪುಟ್ಟ ಎಣಿಕೆ ಸರ್ಕ್ಯೂಟಿಗೆ ವಹಿಸಿದೆವು. ಬೋರ್ಡ್ ಪೂರ್ತಿ ಸಸ್ಪೆಂಡ್ ಆಗಿ, 15 ನಿಮಿಷಕ್ಕೊಮ್ಮೆ ಆರ್‌ಟಿಸಿ, ಅಂದರೆ ಬೋರ್ಡ್ ಮಲಗಿದ್ದರೂ ನಡೆಯುವ ಪುಟ್ಟ ಗಡಿಯಾರ, ಅದರ ಅಲಾರಮಿನಿಂದ ಎದ್ದು, 20 ಸೆಕೆಂಡಿನಲ್ಲಿ ಲೆಕ್ಕ ಓದಿ, ಕಳುಹಿಸಿ, ಮಲಗುತ್ತಿತ್ತು. ಸಸ್ಪೆಂಡ್ ಎಂದರೆ ಇದುವರೆಗೆ ಹೇಳಿದ ನಿದ್ರೆಯಂತಲ್ಲ. ಅಲ್ಲಿ ಕರ್ನಲ್ ತನ್ನ ಕಾಲಗಣನೆಯನ್ನೇ ಕಟ್ಟಿಟ್ಟು ಮಲಗುತ್ತದೆ, ಸಾಮಾನ್ಯ ಟೈಮರ್‌ಗಳು ಯಾವುವೂ ಎಬ್ಬಿಸುವುದಿಲ್ಲ. ಆರ್‌ಟಿಸಿ ಮಾತ್ರ, ಸೆಕೆಂಡಿಗೆ 32,768 ಸಲ ಮಿಡಿಯುವ ತನ್ನ ಹರಳಿನೊಂದಿಗೆ, ಬೇರೆಯದೇ ಆದ ಗುಂಡಿ ಬ್ಯಾಟರಿಯಿಂದ ನಡೆಯುತ್ತಿರುತ್ತದೆ. ನಮ್ಮ ಸರಾಸರಿ ಖರ್ಚು 2 ವ್ಯಾಟ್‌ನಿಂದ 0.1 ವ್ಯಾಟ್‌ಗೂ ಕೆಳಗಿಳಿಯಿತು. ಒಂದು ತಿಂಗಳು ಬಿಸಿಲಿಲ್ಲದಿದ್ದರೂ ಬ್ಯಾಟರಿ ತಡೆಯುತ್ತದೆ ಎಂದು ಬೀಗುತ್ತಾ ಮಧ್ಯಾಹ್ನ ತೋಟದಿಂದ ಇಳಿದು ಬಂದೆವು. ಆ ರಾತ್ರಿಯೇ 540 ಬಂದದ್ದು.

ತೊಟ್ಟಿಲು ಒಮ್ಮೆ ವಾಲಿದರೆ 0.2 ಮಿಲಿಮೀಟರ್ ಮಳೆ. ಆ ಹದಿನೈದು ನಿಮಿಷದಲ್ಲಿ ಅದು 15 ಸಲ ವಾಲಿತ್ತು, ಒಟ್ಟು 3 ಮಿಲಿಮೀಟರ್. ಗಂಟೆಗೆ 12 ಮಿಲಿಮೀಟರ್ ಲೆಕ್ಕ. ರೈಟರ್ ಹೇಳಿದಂತೆ ಮಾಮೂಲಿ ಜಡಿಮಳೆ. ಆದರೆ ಹಿಂದಿನ ಓದಿಗೂ ಈ ಓದಿಗೂ ನಡುವೆ ಎಷ್ಟು ಹೊತ್ತಾಯಿತು ಎಂದು ನನ್ನ ಪ್ರೋಗ್ರಾಂ ಕೇಳಿದ್ದು ಮಾನೊಟೋನಿಕ್ ಎಂಬ ಗಡಿಯಾರವನ್ನು. ಹಿಂದಕ್ಕೆಂದೂ ಓಡದ ಆ ಗಡಿಯಾರವನ್ನು ಅವಧಿ ಅಳೆಯಲು ಬಳಸಬೇಕೆಂದು ನಾವೆಲ್ಲ ಕಲಿತಿರುತ್ತೇವೆ. ಲಿನಕ್ಸ್‌ನಲ್ಲಿ ಅದು ಸಸ್ಪೆಂಡ್ ಆದ ಹೊತ್ತನ್ನು ಎಣಿಸುವುದಿಲ್ಲ ಎಂಬುದನ್ನು ಮರೆತಿರುತ್ತೇವೆ. ಅದರ ಪ್ರಕಾರ ಕಳೆದದ್ದು 20 ಸೆಕೆಂಡ್. 20 ಸೆಕೆಂಡಿನಲ್ಲಿ 3 ಮಿಲಿಮೀಟರ್ ಎಂದರೆ ಗಂಟೆಗೆ 540. ಮೇಜಿನ ಮೇಲೆ ಎರಡು ವಾರ ಪರೀಕ್ಷಿಸಿದಾಗ ಇದು ಕಾಣಲಿಲ್ಲ, ಏಕೆಂದರೆ ಕೇಬಲ್ ಸಿಕ್ಕಿಸಿಟ್ಟು ಸಸ್ಪೆಂಡನ್ನು ತಡೆಹಿಡಿದಿದ್ದೆವು. ನಿದ್ರೆಯನ್ನೂ ಸೇರಿಸಿ ಎಣಿಸುವ ಬೂಟ್‌ಟೈಮ್ ಎಂಬ ಗಡಿಯಾರ 2011ರಿಂದಲೂ, 2.6.39ರಿಂದಲೂ, ಅಲ್ಲೇ ಇತ್ತು. ಮರುದಿನ ಬದಲಿಸಿದ್ದು ಒಂದೇ ಪದ.

ಈಗ ಉಳಿದಿರುವುದು ಆರ್‌ಟಿಸಿಯ ಸ್ವಂತ ಪ್ರಾಮಾಣಿಕತೆ. ಮಲಗುವಾಗ ಆರ್‌ಟಿಸಿ ಎಷ್ಟು ತೋರಿಸುತ್ತಿತ್ತು, ಎದ್ದಾಗ ಎಷ್ಟು ಎಂದು ನೋಡಿ ಕರ್ನಲ್ ಕಳೆದ ಹೊತ್ತನ್ನು ತುಂಬಿಕೊಳ್ಳುತ್ತದೆ. ಆರ್‌ಟಿಸಿ ಇಡೀ ಸೆಕೆಂಡುಗಳನ್ನಷ್ಟೇ ಹೇಳುತ್ತದೆ, ಚಿಲ್ಲರೆ ಅದರಲ್ಲಿಲ್ಲ. ನಾವು ದಿನಕ್ಕೆ 96 ಸಲ ಮಲಗಿ ಏಳುವವರಾದ್ದರಿಂದ ಆ ಚಿಲ್ಲರೆಯೇ ದೊಡ್ಡ ಮೊತ್ತವಾಗಬೇಕಿತ್ತು. ಹಾಗಾಗದಂತೆ, ಹಿಂದಿನ ಸಲ ಸಿಸ್ಟಂ ಕಾಲಕ್ಕೂ ಆರ್‌ಟಿಸಿಗೂ ಇದ್ದ ವ್ಯತ್ಯಾಸವನ್ನು ಕರ್ನಲ್ ನೆನಪಿಟ್ಟುಕೊಂಡು ಸರಿದೂಗಿಸುತ್ತದೆ. ನಿದ್ರೆಯಲ್ಲೂ ನಿಲ್ಲದ ಕೌಂಟರ್ ಬೋರ್ಡಿನಲ್ಲಿದ್ದರೆ ಆರ್‌ಟಿಸಿಯ ಬದಲು ಅದನ್ನೇ ಓದುತ್ತದೆ. ನಮ್ಮ ಬೋರ್ಡಿನಲ್ಲಿ ಅದಿರಲಿಲ್ಲ. ಇನ್ನು ಹರಳಿನದೇ ತಪ್ಪಿದೆ: ಹತ್ತು ಲಕ್ಷಕ್ಕೆ 20ರಷ್ಟು ಹೆಚ್ಚುಕಡಿಮೆ ಎಂದರೆ ದಿನಕ್ಕೆ 1.7 ಸೆಕೆಂಡ್. ಅದನ್ನು ದಿನಕ್ಕೊಮ್ಮೆ ನೆಟ್‌ವರ್ಕ್‌ನಿಂದ ತಿದ್ದಿಕೊಳ್ಳುವ ಏರ್ಪಾಡು ಮಾಡಿದ್ದೇವೆ. ಜೋರು ಮಳೆಯಲ್ಲಿ ಟವರ್ ಹೋದರೆ, ನಾಲ್ಕು ದಿನ ಕಳೆದು ಸಿಗ್ನಲ್ ಬಂದಾಗ ಏಳು ಸೆಕೆಂಡ್ ಆಚೀಚೆ ಇರುತ್ತದೆ. ಮಳೆಯ ಲೆಕ್ಕಕ್ಕೆ ಅಷ್ಟು ನಡೆಯುತ್ತದೆ ಎಂದು ಬಿಟ್ಟಿದ್ದೇವೆ.